ಬೀಗರ ಲಾರಿಯ ನಡುಕ

ಕಿವಿ ಮೇಸ್ತ್ರಿ ಚರಂಡಿಗೆ ಬಿದ್ದದ್ದು ಒಂದೇ ಸಲ. ಆದರೆ ಬೀದಿಯ ಜನ ಅದನ್ನು ಆರೇಳು ಕಡೆಯಿಂದ ನೋಡಿದರು. ತಪ್ಪು ಲಾರಿಯ ಬೆನ್ನಿನ ಮೇಲಿದ್ದ ಕನ್ನಡಿಗಳದ್ದು. ಬಟ್ಟೆ ಅಂಗಡಿಗೆ ಹೋಗಬೇಕಿದ್ದ ಆಳೆತ್ತರದ ಕನ್ನಡಿಗಳನ್ನು ಓರೆಯಾಗಿ ನಿಲ್ಲಿಸಿ ಹಗ್ಗ ಬಿಗಿದಿದ್ದರು. ಲಾರಿ ಆಮೆ ನಡಿಗೆಯಲ್ಲಿ ಹೋಗುತ್ತಿತ್ತು. ಅದರ ಪಕ್ಕದಲ್ಲಿ ಮೇಸ್ತ್ರಿ ಸೊಂಟ ಬಗ್ಗಿಸಿ, ಒಂದು ಕೈ ಬೆನ್ನ ಹಿಂದೆ ಇಟ್ಟು, ಬಲಗಿವಿಯನ್ನು ಚಕ್ರದ ಕಡೆಗೆ ಚಾಚಿ, ಕಣ್ಣು ಮುಚ್ಚಿಕೊಂಡು ನಡೆಯುತ್ತಿದ್ದ. ಕಣ್ಣು ತೆರೆದರೆ ಕಿವಿ ಮಂದವಾಗುತ್ತದೆ ಎನ್ನುವುದು ಅವನ ಸಿದ್ಧಾಂತ. ಚರಂಡಿಯ ಮೇಲಿನ ಚಪ್ಪಡಿಯೊಂದನ್ನು ಯಾರೋ ಎತ್ತಿಟ್ಟು ಹೋಗಿದ್ದಾರೆಂಬ ಸಂಗತಿ ಮಾತ್ರ ಎಷ್ಟೇ ಚುರುಕಾದ ಕಿವಿಗೂ ಕೇಳಿಸುವಂಥದ್ದಲ್ಲ.

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಮೇಸ್ತ್ರಿಯ ಬಾಯಿಯೂ ಕೆಸರೇ ಆಗಿತ್ತು. ಕ್ಷೌರದ ಅಂಗಡಿಯವನು ಕತ್ತರಿ ಹಿಡಿದುಕೊಂಡೇ ಬಾಗಿಲಿಗೆ ಬಂದು, “ಏನ್ ಮೇಸ್ತ್ರಿ, ಸದ್ದು ಸಿಕ್ತಾ?” ಎಂದ.

“ಸಿಕ್ತು. ‘ದೊಪ್’ ಅಂತ ಬಂತು. ಆದ್ರೆ ಅದು ಲಾರೀದಲ್ಲ, ನಂದು,” ಎಂದ ಮೇಸ್ತ್ರಿ, ಕಿವಿಯೊಳಗಿನ ಕೆಸರನ್ನು ಕಿರುಬೆರಳಿನಿಂದ ತೆಗೆಯುತ್ತ.

ಲಾರಿ ನಿಂತಿತು. ಕಿಟಕಿಯಿಂದ ಬೀಗರ ತಲೆ ಹೊರಬಂತು. “ಏನಾಯ್ತು ಬೀಗರೇ? ಎಲ್ಲೋದ್ರಿ?”

“ಏನಿಲ್ಲ ಬೀಗರೇ, ಚಾಸಿಯನ್ನ ಕೆಳಗಿಂದ ಒಂದ್ಸಲ ನೋಡೋಣ ಅಂತ ಇಳಿದೆ.”

ಬೀದಿ ನಕ್ಕಿತು. ಬೀಗರು ನಗಲಿಲ್ಲ. ಅಷ್ಟು ಹೊತ್ತೂ ಲಾರಿ ಗಡಗಡ ನಡುಗಿತ್ತು, ಹಿಂದಿನ ಕನ್ನಡಿಗಳು ಗಿಲಿಗಿಲಿ ಎಂದಿದ್ದವು, ತಳದಲ್ಲಿ ಎಲ್ಲೋ ಒಂದು ‘ಕುಂಯ್’ ಕೂಡ ಇತ್ತು. ಎಲ್ಲಿಂದ ಎಂದು ಕೇಳಿದರೆ ಮೇಸ್ತ್ರಿ ಚರಂಡಿಯಲ್ಲಿದ್ದ.

ಅವನನ್ನು ಊರು ಕಿವಿ ಮೇಸ್ತ್ರಿ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಗಾಡಿಯ ಕಾಯಿಲೆಯನ್ನು ಅವನು ಕೇಳಿಯೇ ಹೇಳುತ್ತಿದ್ದ. ಅವನ ಗ್ಯಾರೇಜು ಎಂದರೆ ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಗೆ ಹೊಡೆದ ಮೊಳೆಗಳಲ್ಲಿ ಅಳತೆಯ ಪ್ರಕಾರ ತೂಗುಹಾಕಿದ ಸ್ಪ್ಯಾನರುಗಳು, ಎದುರಿಗೆ ಒಂದು ಲಾರಿ ಕಷ್ಟಪಟ್ಟು ತಿರುಗಬಹುದಾದ ಅಂಗಳ. ಗಿರಾಕಿ ಬಂದೊಡನೆ ಮೇಸ್ತ್ರಿ ಬಾನೆಟ್ ಎತ್ತುತ್ತಿರಲಿಲ್ಲ, ಕುರ್ಚಿ ಎಳೆದು, “ಕೂತ್ಕೊಳ್ಳಿ. ಎಲ್ಲಿ, ಸದ್ದು ಮಾಡಿ ತೋರಿಸಿ,” ಎನ್ನುತ್ತಿದ್ದ. ಗಂಭೀರ ಮುಖದ ಗುತ್ತಿಗೆದಾರರೂ ಅಲ್ಲಿ ಕೂತು ಕೆನ್ನೆ ಉಬ್ಬಿಸಿ ‘ಗುರ್ರ್ರ್’ ಎನ್ನಬೇಕಾಗಿತ್ತು. ಲಟಲಟ ಎಂದರೆ ಏನೋ ಸಡಿಲ, ಕಟಕಟ ಎಂದರೆ ಹಲ್ಲಿಗೆ ಹಲ್ಲು ತಾಗುತ್ತಿದೆ, ಕಿರ್ರ್ ಎಂದರೆ ಒಣಗಿದೆ, ಗೊಳಗೊಳ ಎಂದರೆ ತುಂಬಿದೆ, ಏನೂ ಅನ್ನದಿದ್ದರೆ ಹೋಗೇಬಿಟ್ಟಿದೆ. ಬೇರೆಯವರು ಮಕ್ಕಳಿಗೆ ಹೇಳಿಕೊಡುವ ಈ ಜೋಡಿ ಪದಗಳಲ್ಲಿ ಅವನ ಇಡೀ ವಿದ್ಯೆ ಅಡಗಿತ್ತು.

ಇದಾದ ಮೇಲೆ ಎರಡನೆಯ ಪರೀಕ್ಷೆ: ಗಾಡಿಯನ್ನು ನಿಧಾನವಾಗಿ ಓಡಿಸಲು ಹೇಳಿ ತಾನು ಪಕ್ಕದಲ್ಲಿ ಬಗ್ಗಿ ನಡೆಯುವುದು. ಒಳಗೆ ಮಾತ್ರ ಕೂರುತ್ತಿರಲಿಲ್ಲ. “ಒಳಗೆ ಕೂತ್ರೆ ಡ್ರೈವರ್ ಮಾತಾಡ್ತಾನೆ, ಸೀಟು ಮಾತಾಡುತ್ತೆ, ನನ್ನ ಹೊಟ್ಟೆ ಮಾತಾಡುತ್ತೆ. ಗಾಡಿ ಮಾತು ಯಾರು ಕೇಳ್ತಾರೆ?” ಎನ್ನುತ್ತಿದ್ದ. ಹೊಗಳಿದರೆ, “ಕಿವಿ ದೇವರು ಕೊಟ್ಟಿದ್ದು. ಎರಡು ಕಿವಿ ಮಧ್ಯ ಇರೋದನ್ನ ಕೊಡೋಕೆ ಮರೆತ. ಅದಕ್ಕೇ ಈ ಕಡೆ ಕೇಳಿದ್ದು ಆ ಕಡೆವರೆಗೂ ಅಷ್ಟು ಸಲೀಸಾಗಿ ಹೋಗುತ್ತೆ,” ಎಂದು ತಾನೇ ಮೊದಲು ನಗುತ್ತಿದ್ದ. ತನ್ನನ್ನು ತಾನೇ ಹಂಗಿಸಿಕೊಂಡರೆ ಬೇರೆಯವರಿಗೆ ಆ ಕೆಲಸ ಉಳಿಯುವುದಿಲ್ಲ ಎಂಬ ಲೆಕ್ಕಾಚಾರವೂ ಅದರಲ್ಲಿತ್ತು.

ಲೆಕ್ಕಾಚಾರ ಬೀಗರ ಮುಂದೆ ಮಾತ್ರ ನಡೆಯಲಿಲ್ಲ.

ಬೀಗರದು ಗಾಜಿನ ವ್ಯಾಪಾರ. ಮೇಸ್ತ್ರಿಯ ಒಬ್ಬಳೇ ಮಗಳು ಆ ಮನೆಗೆ ಸೊಸೆಯಾಗಿ ಹೋಗಿ ವರ್ಷ ತುಂಬಿರಲಿಲ್ಲ. ಅಳಿಯ ಗಾಜು ಕತ್ತರಿಸುವವನು. ವಜ್ರದ ಮೊನೆ ಎಳೆಯುವಾಗ ಉಸಿರು ಹಿಡಿದು ಹಿಡಿದು ಮಾತೇ ಕಡಿಮೆಯಾಗಿದ್ದ ಒಳ್ಳೆಯ ಹುಡುಗ. ಮಗಳು ಅಂಗಡಿಯಲ್ಲಿ ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದಳು. ಲಾರಿ ಬೀಗರ ಕೈಯಲ್ಲಿ. ಯೌವನದಿಂದಲೂ ಅವರೇ ಓಡಿಸಿದವರು, ಒಂದು ಅಪಘಾತವಿಲ್ಲ, ಒಂದು ಗೀರಿಲ್ಲ, ಬೇರೆಯವರಿಗೆ ಚುಕ್ಕಾಣಿ ಕೊಟ್ಟವರಲ್ಲ. “ಗಾಜು ಸಾಗಿಸೋದು ಅಂದ್ರೆ ಮಲಗಿರೋ ಮಗೂನ ಸಾಗಿಸಿದ ಹಾಗೆ” ಎನ್ನುವುದು ಅವರ ಮಾತು. ಈಗ ಆ ಮಗು ಓಣಿ ಓಣಿಯಲ್ಲೂ ಎದ್ದು ಅಳುತ್ತಿತ್ತು. ದೊಡ್ಡ ರಸ್ತೆಯಲ್ಲಿ ವೇಗವಾಗಿ ಹೋದರೆ ಲಾರಿ ಬೆಣ್ಣೆ. ಊರೊಳಗೆ ಬಂದು ನಿಧಾನವಾದರೆ ಸಾಕು, ಗಡಗಡ, ಕುಂಯ್, ಗಿಲಿಗಿಲಿ, ಆಮೇಲೆ ಕೆಲವೊಮ್ಮೆ ‘ಠಣ್’. ಠಣ್ ಎಂದರೆ ಒಂದು ಹಾಳೆ ಗಾಜು ಹೋಯಿತೆಂದರ್ಥ. ಅದನ್ನು ತಿಳಿಯಲು ಕಿವಿ ಮೇಸ್ತ್ರಿಯೇ ಬೇಕೆಂದಿರಲಿಲ್ಲ.

ಮೇಸ್ತ್ರಿ ಹುಡುಕದ ಜಾಗವಿಲ್ಲ. ಚಕ್ರಗಳ ತೂಕ ಸರಿದೂಗಿಸಿದ. ಎಂಜಿನ್ ಕೂತಿರುವ ರಬ್ಬರು ದಿಂಬುಗಳನ್ನು ಬದಲಿಸಿದ. ಉದ್ದನೆಯ ಶಾಫ್ಟಿನ ಕೀಲುಗಳನ್ನು ಹೊಸದು ಮಾಡಿದ. ಕ್ಲಚ್ ಬಿಚ್ಚಿ ನೋಡಿದರೆ ಅದರ ಪ್ಲೇಟು ರೊಟ್ಟಿ ಸೀದಂತೆ ಸೀದಿತ್ತು. “ಈಗಿನ ಮಾಲೇ ಹೀಗೆ, ಸತ್ವ ಇಲ್ಲ,” ಎಂದು ಬೈದು ಹೊಸ ಪ್ಲೇಟು ಹಾಕಿದ. ಕೆಲವು ದಿನ ಸುಖವಾಗಿತ್ತು. ಆಮೇಲೆ ಅದೇ ರಾಗ, ಅದೇ ತಾಳ, ಅದೇ ಗಡಗಡ. ಸಂಶಯ ಬೇಡವೆಂದು ಒಮ್ಮೆ ಬೀಗರನ್ನು ಇಳಿಸಿ, ತನ್ನ ಸಿದ್ಧಾಂತವನ್ನೂ ಬದಿಗಿಟ್ಟು, ತಾನೇ ಹತ್ತಿ ಓಡಿಸಿ ನೋಡಿದ. ಅವನು ಓಡಿಸಿದರೂ ನಡುಗಿತು. ಇಬ್ಬರು ಬೇರೆ ಬೇರೆ ಮನುಷ್ಯರು ಓಡಿಸಿದರೂ ನಡುಗುತ್ತದೆಂದರೆ ರೋಗ ಲಾರಿಯದ್ದೇ ಎಂದು ಸಾಬೀತಾಯಿತು. ಇಬ್ಬರೂ ಸಮಾಧಾನಪಟ್ಟುಕೊಂಡರು.

ಅಷ್ಟರಲ್ಲಿ ಹೆದ್ದಾರಿಯ ಕೂಡುರಸ್ತೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡ ಹೊಸ ಗ್ಯಾರೇಜು ಶುರುವಾಗಿತ್ತು. ಚರಂಡಿ ಪ್ರಸಂಗದ ಸಂಜೆ ಬೀಗರು ಕೈ ತೊಳೆಯುತ್ತ, “ಬೀಗರೇ, ಬೇಜಾರು ಮಾಡ್ಕೋಬೇಡಿ. ಇನ್ನೊಂದು ವಾರ ನೋಡ್ತೀನಿ. ಆಮೇಲೆ ಕೂಡುರಸ್ತೆಗೆ ತಗೊಂಡು ಹೋಗ್ತೀನಿ,” ಎಂದರು.

“ಬೇಜಾರೇನು ಬಂತು ಬೀಗರೇ. ಕಂಪ್ಯೂಟರ್ ಚರಂಡಿಗೆ ಬೀಳಲ್ಲ, ಅದೊಂದು ಅನುಕೂಲ,” ಎಂದ ಮೇಸ್ತ್ರಿ. ಬೀಗರು ಬಂದರೆ ಬಾಯಿಗೆ ಬೀಗ ಎನ್ನುವಂತೆ ಅದಕ್ಕಿಂತ ಹೆಚ್ಚು ಆಡಲಿಲ್ಲ.

ಮನೆಯಲ್ಲಿ ಹೆಂಡತಿಯ ಮುಂದೆ ಬೀಗ ಕಳಚಿತು. “ಗಿರಾಕಿ ಹೋದ್ರೆ ಹೋಗ್ಲಿ ಕಣೇ. ಹೆಸರು ಹೋದ್ರೂ ಹೋಗ್ಲಿ, ಮಹಾ ಏನು, ಕಿವಿಗೆ ಇಟ್ಟ ಹೆಸರು. ಆದ್ರೆ ಪ್ರತಿ ಸಲ ಒಂದು ಗಾಜು ಒಡೆದಾಗ ಅಲ್ಲಿ ಬೀಗರು ಊಟಕ್ಕೆ ಕೂತು ಏನಂತಾರೆ ಗೊತ್ತಾ? ‘ನಿಮ್ಮಪ್ಪನ ಕಿವಿ ಇವತ್ತು ಒಂದು ಹಾಳೆ ತಿಂತಮ್ಮ’ ಅಂತಾರಂತೆ. ನಮ್ಮ ಕೂಸು ಏನು ಮಾಡುತ್ತೆ? ನನ್ನ ಕಿವಿನೂ ಅನ್ನದ ಜೊತೆ ನುಂಗುತ್ತೆ.”

“ಅವಳೇ ಹೇಳಿದ್ಲಾ?”

“ಅವಳೆಲ್ಲಿ ಹೇಳ್ತಾಳೆ? ಅಳಿಯ ಹೇಳಿದ. ಆ ಬಾಯಿಂದ ಅಷ್ಟು ಮಾತು ಬಂತು ಅಂದ್ರೆ ನೀನೇ ಯೋಚ್ನೆ ಮಾಡು.”

ಹೆಂಡತಿ ಯೋಚನೆ ಮಾಡಿದಳು. “ನೀವು ಕಿವಿ ಇಟ್ಟಿದ್ದು ಸಾಕು. ಒಂದ್ಸಲ ಕಣ್ಣು ಇಟ್ಟು ನೋಡಿ,” ಎಂದಳು. ಮದುವೆಯಾದಾಗಿನಿಂದ ಆಕೆ ಎಲ್ಲದಕ್ಕೂ ಹೀಗೇ ಹೇಳುತ್ತಿದ್ದುದರಿಂದ ಮೇಸ್ತ್ರಿ ಅದಕ್ಕೆ ಬೆಲೆ ಕೊಡಲಿಲ್ಲ.

ವಾರದ ಮಧ್ಯದಲ್ಲಿ ಬೀಗರಿಗೆ ಜ್ವರ ಬಂತು. ಅಂದು ಬೆಳಿಗ್ಗೆ ಮೇಸ್ತ್ರಿ ಅಂಗಳದಲ್ಲಿ ಕೂತು ಟೀ ಕುಡಿಯುತ್ತ, ಕಣ್ಣು ಮುಚ್ಚಿ, ಬೀದಿಯ ಸದ್ದುಗಳನ್ನು ಆರಿಸಿಕೊಳ್ಳುತ್ತಿದ್ದ. ಹಾಲಿನವನ ಸ್ಕೂಟರು, ಹೋಯಿತು. ಶಾಲೆಯ ವ್ಯಾನು, ಅದರ ಬಾಗಿಲಿಗೆ ಎಣ್ಣೆ ಬೇಕು. ಆಮೇಲೆ ಒಂದು ಲಾರಿ, ಯಾರದ್ದೋ ಆರೋಗ್ಯವಂತ ಲಾರಿ, ಉಸಿರು ಬಿಟ್ಟಂತೆ ತಿರುವು ದಾಟಿ ನೇರ ಅಂಗಳದೊಳಕ್ಕೇ ಬಂತು. ಕಣ್ಣು ಬಿಟ್ಟರೆ ಬೀಗರ ಲಾರಿ. ಚುಕ್ಕಾಣಿಯ ಹಿಂದೆ ಮಗಳು.

ಅವಳಿಗೆ ಲೈಸೆನ್ಸ್ ಇದೆಯೆಂಬುದು ಅವನಿಗೆ ಮರೆತೇಹೋಗಿತ್ತು. ಹಿಂದೆ ತಾನೇ ಕಲಿಸಲು ಹೋಗಿದ್ದ. ಎರಡನೆಯ ಗೇರು ಬರುವಷ್ಟರಲ್ಲಿ ಅಪ್ಪ ಮಗಳು ಮಾತು ಬಿಟ್ಟಿದ್ದರು. ಆಮೇಲೆ ಅವಳು ಡ್ರೈವಿಂಗ್ ಸ್ಕೂಲಿಗೆ ಸೇರಿ ಕಲಿತಿದ್ದಳು.

“ಮಾವನಿಗೆ ಏಳಕ್ಕಾಗ್ತಿಲ್ಲ. ನೀವು ಇವತ್ತು ನೋಡ್ತೀನಿ ಅಂದಿದ್ರಲ್ಲ, ಅದಕ್ಕೆ ತಂದೆ,” ಎಂದಳು.

“ಗಾಜು ಎಲ್ಲಿ ಇಳಿಸಿದೆ?”

“ಇಳಿಸಿಲ್ಲ. ಹಿಂದೇನೇ ಇದೆ.”

ಮೇಸ್ತ್ರಿ ಹಿಂದೆ ಹೋಗಿ ನೋಡಿದ. ಗಾಜಿನ ಹಾಳೆಗಳು ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲಾಗಿ, ಬಾಯಿ ಮುಚ್ಚಿಕೊಂಡು ನಿಂತಿದ್ದವು. ಅವನಿಗೆ ತನ್ನ ಕಿವಿಯ ಮೇಲೆಯೇ ಅನುಮಾನ ಬಂತು. “ಇಳಿ, ನಾನು ನೋಡ್ತೀನಿ,” ಎಂದು ಹತ್ತಿ ಅಂಗಳದಲ್ಲಿ ಒಂದು ಸುತ್ತು ಹೊಡೆದ. ಗಡಗಡ. ಕುಂಯ್. ಗಿಲಿಗಿಲಿ. ಪ್ರಾರ್ಥನೆ ಮುಗಿದು ಶಾಲೆ ಬಿಟ್ಟಂತಾಯಿತು. ಅವಳನ್ನು ಮತ್ತೆ ಹತ್ತಿಸಿ, ತಾನು ಪಕ್ಕದಲ್ಲಿ ಬಗ್ಗಿ ನಡೆದ. ಏನೂ ಇಲ್ಲ. ತಾನು ಹತ್ತಿದ. ಗಡಗಡ.

“ಇದೇನಮ್ಮ? ಲಾರಿಗೂ ಗಂಡು ಹೆಣ್ಣು ಗೊತ್ತಾಗುತ್ತಾ?”

ಮಗಳು ಪಕ್ಕದ ಬಾಗಿಲಿನಿಂದ ಹತ್ತಿ ಕೂತಳು. “ಹೋಗಿ ಅಪ್ಪ, ಹಾಗೇ ಹೋಗಿ. ಈಗ ಎಡಗಾಲು ಎಲ್ಲಿದೆ ನೋಡ್ಕೊಳ್ಳಿ.”

ಮೇಸ್ತ್ರಿ ಕೆಳಗೆ ನೋಡಿದ. ಅವನ ಎಡಗಾಲು ಕ್ಲಚ್ಚಿನ ಪೆಡಲಿನ ಮೇಲೆ, ಸ್ವಂತ ಮನೆಯ ಜಗಲಿಯ ಮೇಲೆ ಕೂತ ಯಜಮಾನನಂತೆ ಹಾಯಾಗಿ ಕೂತಿತ್ತು.

“ನಾನೆಲ್ಲಿ ಒತ್ತಿದ್ದೀನಿ? ಸುಮ್ನೆ ಇಟ್ಟಿದ್ದೀನಿ ಅಷ್ಟೆ.”

“ಸುಮ್ನೆ ಇಟ್ಟಿರೋದೇ ತೊಂದ್ರೆ. ತೆಗೀರಿ.”

ತೆಗೆದ. ಲಾರಿ ಮೌನವಾಯಿತು. ಇಟ್ಟ. ನಡುಗಿತು. ಮತ್ತೆ ತೆಗೆದ. ಕಾಲಿನ ಭಾರಕ್ಕೆ ಪೆಡಲು ಎಳ್ಳಷ್ಟು ಇಳಿದರೂ ಸಾಕು, ಕ್ಲಚ್ ಪ್ಲೇಟು ಪೂರ್ತಿ ಹಿಡಿಯುವುದೂ ಇಲ್ಲ, ಪೂರ್ತಿ ಬಿಡುವುದೂ ಇಲ್ಲ. ಜಾರುತ್ತ, ಕಚ್ಚುತ್ತ, ಸೀಯುತ್ತ ಇಡೀ ಗಾಡಿಯನ್ನು ಅಲುಗಾಡಿಸುತ್ತದೆ. ಆ ಕುಂಯ್ ಎನ್ನುವುದು ಸದಾ ಕಾಲಿನ ಒತ್ತಡ ಹೊತ್ತ ಬೇರಿಂಗಿನ ನರಳಾಟ. ದೊಡ್ಡ ರಸ್ತೆಯಲ್ಲಿ ಗೇರು ಬದಲಿಸುವ ಗೊಡವೆ ಇಲ್ಲದೆ ಕಾಲು ಚಾಚುತ್ತೇವೆ, ಅಲ್ಲಿ ಲಾರಿಗೆ ರಜೆ. ಸೀದ ಪ್ಲೇಟು ನೋಡಿದ ದಿನವೇ ಇದು ಹೊಳೆಯಬೇಕಿತ್ತು. ಬೇರೆ ಯಾರ ಗಾಡಿಯಾಗಿದ್ದರೂ, ಒಳಗೆ ಕೂತಿದ್ದರೆ, ಹೊಳೆಯುತ್ತಲೂ ಇತ್ತು. ಮೇಸ್ತ್ರಿ ವರ್ಷಗಟ್ಟಲೆ ಗಾಡಿಗಳ ಪಕ್ಕದಲ್ಲಿ ಬಗ್ಗಿ ನಡೆದವನು. ಗಾಡಿಯ ನಾಲ್ಕೂ ಕಾಲು ಬಲ್ಲವನು, ಓಡಿಸುವವನ ಎರಡು ಕಾಲನ್ನು ಕಂಡವನಲ್ಲ. ತನ್ನ ಕಾಲಂತೂ ತನ್ನ ಜೊತೆಗೇ ಇತ್ತು, ಅದರ ಮೇಲೆ ಅನುಮಾನ ಪಡುವುದಾದರೂ ಹೇಗೆ? ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಇಬ್ಬರು ಸೇರಿ ನೆಲವನ್ನೇ ಬಿಚ್ಚಿ ಬದಲಿಸಿದ್ದರು.

ಅವನ ಸ್ವಂತ ಹಳೆಯ ವ್ಯಾನೂ ಓಣಿಗಳಲ್ಲಿ ನಡುಗುತ್ತಿತ್ತು. ಅದನ್ನು ಅವನು ವ್ಯಾನಿನ ವಯಸ್ಸೆಂದು ಕ್ಷಮಿಸಿದ್ದ.

“ನಿಮ್ಮ ಮಾವನೂ ಹೀಗೇನಾ?”

“ಮಾವ ಕ್ಲಚ್ಚಿನ ಮೇಲೆ ನಿಂತೇ ಇರ್ತಾರೆ. ನಾನು ಪಕ್ಕದಲ್ಲಿ ಕೂತು ಎಷ್ಟು ಸಲ ನೋಡಿಲ್ಲ!”

“ನೋಡಿದ್ಮೇಲೆ ಹೇಳಬಾರದಾ?”

“ಯಾರಿಗೆ ಹೇಳ್ಲಿ? ಅವರಿಗಾ? ‘ನೆನ್ನೆ ಬಂದ ಸೊಸೆ ನಂಗೆ ಕಾಲಿಡೋದು ಕಲಿಸ್ತಾಳೆ’ ಅನ್ನಲ್ವಾ? ನಿಮಗೆ ಹೇಳೋಣ ಅಂದ್ರೆ ನೀವು ಕಣ್ಣು ಮುಚ್ಕೊಂಡು ಓಡಾಡ್ತೀರ. ಅಲ್ಲದೆ...” ಅವಳು ಕಿಟಕಿಯ ಕಡೆ ನೋಡಿದಳು. “ನೀವು ಅಷ್ಟೊಂದು ಬಿಚ್ಚಿ ಬಿಚ್ಚಿ ಹಾಕ್ತಿದ್ರಿ. ಲಾರೀಲೇ ಏನೋ ಇದ್ದಿದ್ರೆ ಚೆನ್ನಾಗಿತ್ತು ಅಂತ ನಂಗೂ ಅನ್ನಿಸ್ತಿತ್ತು.”

ಮೇಸ್ತ್ರಿಗೆ ಈಗ ರೋಗ ಸಿಕ್ಕಿತ್ತು, ಹೇಳುವ ಬಾಯಿ ಸಿಗಲಿಲ್ಲ. ಮಗಳ ಸುಖಕ್ಕಾಗಿ ಬೀಗರ ಕಾಲು ಹಿಡಿದ ಅಪ್ಪಂದಿರ ಕಥೆ ಎಷ್ಟೋ ಕೇಳಿದ್ದ. ಬೀಗರ ಕಾಲನ್ನು ತಪ್ಪಿತಸ್ಥನೆಂದು ಹಿಡಿದುಕೊಡಬೇಕಾದ ಅಪ್ಪ ತಾನೊಬ್ಬನೇ ಇರಬೇಕು. ‘ಬೀಗರೇ, ಲಾರಿ ಸರಿ ಇದೆ, ನಿಮಗೇ ಓಡಿಸೋಕೆ ಬರಲ್ಲ’ ಎಂದರೆ ಮುಗಿಯಿತು. ಇನ್ನು ಮೇಲೆ ಆ ಮನೆಯಲ್ಲಿ ಒಡೆಯುವುದು ಗಾಜೊಂದೇ ಆಗಿರುವುದಿಲ್ಲ. ಹೇಳದೆ ಬಿಟ್ಟರೆ ಕೂಡುರಸ್ತೆಯ ಗ್ಯಾರೇಜಿನವನು ಹೇಳುತ್ತಾನೆ, ಅದೂ ಕಂಪ್ಯೂಟರಿನ ತೆರೆಯ ಮೇಲೆ ಬಣ್ಣದಲ್ಲಿ ತೋರಿಸಿ.

ಆ ಮಧ್ಯಾಹ್ನ ಅವನು ಎರಡು ತಗಡಿನ ಪೆಟ್ಟಿಗೆ ಮಾಡಿದ. ಅಂಗೈಗಿಂತ ಸ್ವಲ್ಪ ದೊಡ್ಡವು, ಮೇಲ್ಭಾಗ ಓರೆ, ಅದಕ್ಕೆ ರಬ್ಬರಿನ ಹೊದಿಕೆ. ಒಂದನ್ನು ಲಾರಿಯಲ್ಲಿ ಕ್ಲಚ್ಚಿನ ಎಡಕ್ಕೆ ನೆಲಕ್ಕೆ ಕೂರಿಸಿ ತಿರುಪು ಬಿಗಿದ. ಗೌರವ ಬರಲೆಂದು ಕಡುಗೆಂಪು ಬಣ್ಣ ಬಳಿದ. ಜ್ವರ ಬಿಟ್ಟು ಬಂದ ಬೀಗರಿಗೆ, “ಬೀಗರೇ, ಇದು ನಡುಕ ನುಂಗೋ ಸಾಮಾನು. ಎಡಗಾಲು ಸದಾ ಇದರ ಮೇಲೆ ಒತ್ತಿ ಇಟ್ಟಿರಬೇಕು. ಗೇರ್ ಬದಲಾಯಿಸುವಾಗ ಮಾತ್ರ ತೆಗೀರಿ, ತಕ್ಷಣ ವಾಪಸ್ ಇಡಿ. ಇಲ್ಲಾಂದ್ರೆ ನುಂಗಿದ್ದನ್ನೆಲ್ಲ ಕಕ್ಕಿಬಿಡುತ್ತೆ,” ಎಂದ. ಮಗಳು ಅಲ್ಲೇ ನಿಂತು ತಗಡಿನ ಮಾಡು ನೋಡುತ್ತಿದ್ದಳು. ಹೊಸ ಪ್ಲೇಟನ್ನೂ ಬೇರಿಂಗನ್ನೂ ಕೊನೆಯ ಬಾರಿಗೆ ಎಂದು ದೇವರಲ್ಲಿ ಹೇಳಿಕೊಂಡು ಹಾಕಿದ.

ಲಾರಿ ನಡುಗಲಿಲ್ಲ. ಮರುದಿನವೂ ಇಲ್ಲ, ಮರುವಾರವೂ ಇಲ್ಲ. ಓಣಿಯಲ್ಲಿ, ತಿರುವಿನಲ್ಲಿ, ಏರಿನಲ್ಲಿ ಗಾಜು ಪಿಟ್ಟೆನ್ನಲಿಲ್ಲ. ಊಟದ ಹೊತ್ತಿಗೆ ಬೀಗರು, “ನಿಮ್ಮಪ್ಪನದು ಕಿವಿ ಅಲ್ಲಮ್ಮ, ಅದು ದೊಡ್ಡ ಆಸ್ಪತ್ರೆ,” ಎಂದರಂತೆ. ಮಗಳು ಫೋನು ಮಾಡಿ ಇಷ್ಟನ್ನು ಹೇಳಿ ನಗತೊಡಗಿದವಳು ನಗು ನಿಲ್ಲಿಸಲಾಗದೆ ಫೋನಿಟ್ಟಳು. ಮೇಸ್ತ್ರಿಯ ಹೆಂಡತಿ ಗಂಡನ ಮುಖ ನೋಡಿ, “ಸುಳ್ಳು ಹೇಳಿದ್ರಲ್ಲ,” ಎಂದಳು. “ಸುಳ್ಳಲ್ಲ ಕಣೇ, ಔಷಧಿ ಮೇಲೆ ಸಕ್ಕರೆ,” ಎಂದ ಮೇಸ್ತ್ರಿ.

ಆದರೆ ಬೀಗರು ಸುಖವನ್ನು ಒಬ್ಬರೇ ಅನುಭವಿಸುವವರಲ್ಲ. ಒಂದು ರಜಾದಿನ ಲಾರಿಯ ತುಂಬ ಗಾಜು ಹೇರಿಕೊಂಡು, ಹಿಂದೆ ತಮ್ಮ ಗೆಳೆಯರಾದ ಡ್ರೈವರುಗಳ ದಂಡನ್ನೇ ಕಟ್ಟಿಕೊಂಡು ಮೇಸ್ತ್ರಿಯ ಅಂಗಳಕ್ಕೆ ಬಂದರು. ಗ್ಯಾಸ್ ಸಿಲಿಂಡರಿನವನು, ಮರಳಿನವನು, ಶಾಲೆಯ ವ್ಯಾನಿನವನು, ಎಲ್ಲರ ಕೊನೆಗೆ, ತಾನು ಸುಮ್ಮನೆ ಈ ಕಡೆ ಬಂದವನೆಂಬಂತೆ, ಕೂಡುರಸ್ತೆಯ ಕಂಪ್ಯೂಟರ್ ಗ್ಯಾರೇಜಿನ ಯಜಮಾನ. ಬೀಗರು ಅಂಗಳದಲ್ಲಿ ಇರುವೆ ನಡಿಗೆಯಲ್ಲಿ ಸುತ್ತು ಹೊಡೆದು ತೋರಿಸಿದರು. ಗಾಜು ಉಸಿರೆತ್ತಲಿಲ್ಲ.

“ನೋಡಿದ್ರಾ? ನಮ್ಮ ಬೀಗರು ಕಂಡುಹಿಡಿದಿದ್ದು! ನಡುಕ ನುಂಗಿ!” ಬೀಗರು ಕೆಂಪು ಪೆಟ್ಟಿಗೆಯನ್ನು ನೆಲದಿಂದ ಎದ್ದ ಕಿರೀಟದಂತೆ ತೋರಿಸಿದರು.

“ನಂಗೊಂದು ಹಾಕ್ಕೊಡಿ ಮೇಸ್ತ್ರಿ,” ಎಂದ ಮರಳಿನವನು.

“ನಂದು ಇನ್ನೂ ಜೋರು ನಡುಗುತ್ತೆ. ನಂಗೆ ಎರಡು ಹಾಕಿ,” ಎಂದ ಸಿಲಿಂಡರಿನವನು.

ಮೇಸ್ತ್ರಿ ಕಿವಿ ಕೆರೆದುಕೊಂಡ. ಒಬ್ಬರಿಗೆ ಹೇಳಿದರೆ ಸಕ್ಕರೆ, ಊರಿಗೆಲ್ಲ ಹಂಚಿದರೆ ಮೋಸ. ಇವರಲ್ಲಿ ಯಾರ ಗಾಡಿಯಾದರೂ ನಿಜವಾಗಿ ಕೀಲು ತಪ್ಪಿ ನಡುಗುತ್ತಿದ್ದು, ಪೆಟ್ಟಿಗೆ ಇದೆಯಲ್ಲ ಎಂದು ಧೈರ್ಯವಾಗಿ ಇಳಿಜಾರಿಗೆ ಇಳಿದರೆ? ಅಷ್ಟರಲ್ಲಿ ಕಂಪ್ಯೂಟರ್ ಗ್ಯಾರೇಜಿನ ಯಜಮಾನ ಲಾರಿಯೊಳಗೆ ತಲೆ ಹಾಕಿ, ಪೆಟ್ಟಿಗೆಯನ್ನು ಬೆರಳ ಗಂಟಿನಿಂದ ತಟ್ಟಿದ. ಅದು ಟೊಳ್ಳಾಗಿ ‘ಡಬ್’ ಎಂದಿತು. ಮೇಸ್ತ್ರಿಯ ಕಿವಿಗೆ ಅದಕ್ಕಿಂತ ಕೆಟ್ಟ ಸದ್ದು ಎಂದೂ ಬಿದ್ದಿರಲಿಲ್ಲ.

“ಬಿಚ್ಚಿ ನೋಡ್ಬಹುದಾ ಯಜಮಾನ್ರೇ?” ಎಂದ ಅವನು, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆಯುತ್ತ.

“ಅವರೇ ಇದ್ದಾರಲ್ಲ, ಬಿಚ್ಚೋದ್ಯಾಕೆ?” ಎಂದರು ಬೀಗರು. ಲಾರಿಯಲ್ಲಿ ಮಾವನ ಜೊತೆಗೇ ಬಂದಿದ್ದ ಮಗಳು ಅಂಗಡಿಯ ಬಿಲ್ಲಿನ ಪುಸ್ತಕವನ್ನು ಎದೆಗವಚಿಕೊಂಡು ಅಪ್ಪನನ್ನೇ ನೋಡುತ್ತಿದ್ದಳು. ಬೀಗರ ಮುಖದಲ್ಲಿ ಸಂಬಂಧ ಬೆಳೆದ ಮೇಲೆ ಮೊದಲ ಬಾರಿಗೆ ಕಂಡ ಹೆಮ್ಮೆಯಿತ್ತು. ಅವರು ಮೇಸ್ತ್ರಿಯ ಹೆಗಲ ಮೇಲೆ ಕೈಹಾಕಿ, ಎಲ್ಲರಿಗೂ ಕೇಳುವಂತೆ ಕೇಳಿದರು: “ಹೇಳಿಬಿಡಿ ಬೀಗರೇ, ಇವರೂ ಕಲಿಯಲಿ. ಅದರೊಳಗೆ ಏನಿಟ್ಟಿದ್ದೀರಿ?”

“ಏನೂ ಇಲ್ಲ ಬೀಗರೇ, ಖಾಲಿ ಡಬ್ಬ. ಕ್ಲಚ್ ಮೇಲೆ ಕಾಲಿಟ್ಟು ಮರೆತುಬಿಡೋ ಪೆದ್ದರಿಗೆ ಕಾಲಿಡೋಕೆ ಒಂದು ಜಾಗ. ಮೊದಲನೇದನ್ನ ನನ್ನ ವ್ಯಾನಿಗೇ ಹಾಕ್ಕೊಂಡೆ.”